ಪತ್ರಿಕೋದ್ಯಮ ಪದವಿಗೆ ಎಷ್ಟು ವರ್ಷ? ಮೂರು-ನಾಲ್ಕರ ಗೊಂದಲದ ಹಿಂದೆ ಏನಿದೆ

ಒಂದೇ ಸರ್ಕಾರಿ ಕಾಲೇಜು, ಒಂದೇ ಪತ್ರಿಕೋದ್ಯಮ ವಿಭಾಗ. 2023ರಲ್ಲಿ ಬಿಎ ಸೇರಿದ ಅಕ್ಕನಿಗೆ ಎರಡು ಮುಖ್ಯ ವಿಷಯ. 2024ರಲ್ಲಿ ಸೇರಿದ ತಮ್ಮನಿಗೆ ಮೂರು. ಅಕ್ಕ ಮನಸ್ಸು ಮಾಡಿದರೆ ನಾಲ್ಕನೇ ವರ್ಷ ಓದಿ ಆನರ್ಸ್ ಪದವಿ ತೆಗೆದುಕೊಳ್ಳಬಹುದು. ತಮ್ಮನಿಗೆ ಆ ದಾರಿಯೇ ಇಲ್ಲ. ಇಬ್ಬರ ಪಠ್ಯಕ್ರಮ ಬೇರೆ, ಪ್ರಶ್ನೆಪತ್ರಿಕೆ ಬೇರೆ, ಅಂಕಪಟ್ಟಿಯ ರೂಪವೂ ಬೇರೆ. ಒಂದು ವರ್ಷದ ಅಂತರದಲ್ಲಿ ಇಷ್ಟೊಂದು ಬದಲಾಗಿದ್ದು ಯಾಕೆ ಅಂತ ಅಪ್ಪ ಅಮ್ಮ ಕೇಳಿದರೆ, ಸರಿಯಾಗಿ ಬಿಡಿಸಿ ಹೇಳುವವರು ಕಡಿಮೆ.

2025ರ ಆಗಸ್ಟ್‌ನಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಸರ್ಕಾರಕ್ಕೆ ವರದಿ ಕೊಟ್ಟ ಮೇಲೆ ಈ ಚರ್ಚೆಗೆ ಮತ್ತೆ ಜೀವ ಬಂದಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಅಡಿ ಸೇರಿದ ಕೊನೆಯ ತಂಡಕ್ಕೆ ಆರು ಸೆಮಿಸ್ಟರ್ ಮುಗಿಯುವುದು 2026ರಲ್ಲಿ. ನಾಲ್ಕನೇ ವರ್ಷಕ್ಕೆ ಹೋಗಬೇಕೋ ಬೇಡವೋ ಅಂತ ಅವರು ತೀರ್ಮಾನ ಮಾಡಲೇಬೇಕು. ಈ ಗೊಂದಲ ಎಲ್ಲ ವಿಷಯಗಳಿಗೂ ಇದೆ, ನಿಜ. ಆದರೆ ಪತ್ರಿಕೋದ್ಯಮಕ್ಕೆ ತಟ್ಟುವ ಪೆಟ್ಟು ಬೇರೆ ಥರದ್ದು. ಇದು ಕೈಯಿಂದ ಮಾಡಿ ಕಲಿಯುವ ವಿದ್ಯೆ. ಇದರ ವಿಭಾಗಗಳು ಸಾಮಾನ್ಯವಾಗಿ ಚಿಕ್ಕವು. ಅದಕ್ಕಿಂತ ಮುಖ್ಯವಾಗಿ, ಈ ಕೆಲಸ ಮಾಡಲು ಈ ಪದವಿ ಬೇಕೇ ಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ.

ಇಲ್ಲಿಗೆ ಹೇಗೆ ಬಂದೆವು

ಅವಿಭಜಿತ ಭಾರತದಲ್ಲಿ ವಿಶ್ವವಿದ್ಯಾಲಯದ ಮಟ್ಟದ ಪತ್ರಿಕೋದ್ಯಮ ವಿಭಾಗ ಗಟ್ಟಿಯಾಗಿ ಶುರುವಾಗಿದ್ದು 1941ರಲ್ಲಿ, ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ. ನಮ್ಮಲ್ಲಿ ಈ ಪಾಠ ಆರಂಭವಾಗಿದ್ದು 1951ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ. ಪ್ರೊಫೆಸರ್ ನಾಡಿಗ ಕೃಷ್ಣಮೂರ್ತಿ ಅದಕ್ಕೆ ಅಡಿಪಾಯ ಹಾಕಿದವರು. ಪದವಿ ಹಂತದಲ್ಲೇ ಪತ್ರಿಕೋದ್ಯಮವನ್ನು ಒಂದು ಐಚ್ಛಿಕ ವಿಷಯವಾಗಿ ಕಲಿಸಿದ್ದು ಆ ಕಾಲಕ್ಕೆ ದೊಡ್ಡ ಹೆಜ್ಜೆ. ಆಮೇಲೆ ಬೆಂಗಳೂರು, ಧಾರವಾಡ, ಮಂಗಳೂರು, ಕಲಬುರಗಿ, ಶಿವಮೊಗ್ಗದ ಕಡೆಯ ವಿಶ್ವವಿದ್ಯಾಲಯಗಳಲ್ಲೂ ವಿಭಾಗಗಳು ಹುಟ್ಟಿಕೊಂಡವು.

ದಶಕಗಳ ಕಾಲ ಪದ್ಧತಿ ಒಂದೇ ಇತ್ತು. ಬಿಎ ಅಂದರೆ ಮೂರು ವರ್ಷ, ಮೂರು ಐಚ್ಛಿಕ ವಿಷಯ, ಜೊತೆಗೆ ಭಾಷೆಗಳು. ಪತ್ರಿಕೋದ್ಯಮದ ಜೊತೆ ಮನಃಶಾಸ್ತ್ರ, ಇಂಗ್ಲಿಷ್ ಇದ್ದರೆ ಅದು ಜೆಪಿಇ. ಊರೂರಿನ ಕಾಲೇಜುಗಳಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡದ ಜೊತೆಗೂ ಪತ್ರಿಕೋದ್ಯಮ ಸಿಗುತ್ತಿತ್ತು. ಕಾಂಬಿನೇಷನ್ ಅಂತ ಎಲ್ಲರ ಬಾಯಲ್ಲೂ ಇದ್ದದ್ದು ಇದೇ.

2021-22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಹಂತದಲ್ಲಿ ಜಾರಿಗೆ ತಂದಿತು. ದೇಶದಲ್ಲಿ ಮೊದಲು ತಂದ ರಾಜ್ಯ ನಮ್ಮದೇ. ಮೂರು ಐಚ್ಛಿಕ ಹೋಗಿ ಎರಡಾದವು. ಮೂರನೇ ವರ್ಷದಲ್ಲಿ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಅಂತ ಆರಿಸಿಕೊಳ್ಳಬಹುದಿತ್ತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್.

2023ರಲ್ಲಿ ಸರ್ಕಾರ ಬದಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾಜಿ ಅಧ್ಯಕ್ಷ ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಆಯೋಗದ ಮಧ್ಯಂತರ ವರದಿ ಆಧರಿಸಿ 2024ರ ಮೇ ತಿಂಗಳಲ್ಲಿ ಆದೇಶ ಬಂತು: 2024-25ರಿಂದ ಮತ್ತೆ ಮೂರು ವರ್ಷದ ಪದವಿ, ಮತ್ತೆ ಮೂರು ವಿಷಯ. ಅಷ್ಟರೊಳಗೆ ಎನ್‌ಇಪಿಯಲ್ಲಿ ಸೇರಿದ್ದ ಮೂರು ತಂಡಗಳಿಗೆ ಮಾತ್ರ ನಾಲ್ಕನೇ ವರ್ಷದ ಆಯ್ಕೆ ಉಳಿಯಿತು.

ಅಂದರೆ 2020ರಲ್ಲಿ ಸೇರಿದವರು ಒಂದು ಪಠ್ಯಕ್ರಮ, 2021ರಲ್ಲಿ ಸೇರಿದವರು ಇನ್ನೊಂದು, 2024ರಲ್ಲಿ ಸೇರಿದವರು ಮತ್ತೊಂದು ಓದಿದ್ದಾರೆ. ನಾಲ್ಕು ವರ್ಷದ ಅವಧಿಯಲ್ಲಿ ಮೂರು ಪಠ್ಯಕ್ರಮ.

ಎರಡು ವಿಷಯಕ್ಕೂ ಮೂರು ವಿಷಯಕ್ಕೂ ಏನು ವ್ಯತ್ಯಾಸ

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಪಾಠ, ಪ್ರಾಯೋಗಿಕವಾದರೆ ಎರಡು ಗಂಟೆ. ಒಂದು ಸೆಮಿಸ್ಟರ್‌ಗೆ ಹದಿನೈದು ವಾರ ಅಂತ ಹಿಡಿದರೆ, ನಾಲ್ಕು ಕ್ರೆಡಿಟ್‌ನ ಒಂದು ಪತ್ರಿಕೆಗೆ (ಪಠ್ಯಭಾಗಕ್ಕೆ) ಸಿಗುವುದು 60 ಗಂಟೆ. ವಿಷಯಗಳ ಸಂಖ್ಯೆ ಎರಡಾದಾಗ ಪ್ರತಿ ವಿಷಯಕ್ಕೂ ಗಂಟೆ ಜಾಸ್ತಿ ಸಿಗಲು ಅವಕಾಶ ಇರುತ್ತದೆ. ಮೂರಾದಾಗ ಅದೇ ವಾರವನ್ನು ಮೂರು ವಿಷಯಗಳು ಹಂಚಿಕೊಳ್ಳಬೇಕು.

ಹಾಗಿದ್ದರೆ ಪತ್ರಿಕೋದ್ಯಮಕ್ಕೆ ಎನ್‌ಇಪಿಯೇ ಒಳ್ಳೆಯದಿತ್ತು ಅನ್ನಿಸುತ್ತದೆ, ಅಲ್ವಾ? ಅಷ್ಟು ಸರಳವಿಲ್ಲ. ವರದಿಗಾರನ ಕೆಲಸದಲ್ಲಿ ವರದಿ ಬರೆಯುವ ಕಲೆ ಒಂದು ಪಾಲು. ಇನ್ನೊಂದು ಪಾಲು ಬರೆಯುವ ವಿಷಯದ ತಿಳಿವಳಿಕೆ. ರಾಜ್ಯ ಬಜೆಟ್ ಮಂಡನೆಯಾದ ದಿನ ರಾಜಸ್ವ ಕೊರತೆಗೂ ವಿತ್ತೀಯ ಕೊರತೆಗೂ ವ್ಯತ್ಯಾಸ ಗೊತ್ತಿಲ್ಲದವನು ಎಷ್ಟು ಚೆಂದದ ಮುನ್ನುಡಿ ಬರೆದರೂ ಪ್ರಯೋಜನವಿಲ್ಲ. ಅದನ್ನು ಕಲಿಸುವುದು ಅರ್ಥಶಾಸ್ತ್ರದ ತರಗತಿ. ಗ್ರಾಮ ಪಂಚಾಯಿತಿಯ ಅಧಿಕಾರ ಎಲ್ಲಿ ಮುಗಿಯುತ್ತದೆ, ಜಿಲ್ಲಾಧಿಕಾರಿಯದು ಎಲ್ಲಿ ಶುರುವಾಗುತ್ತದೆ ಅನ್ನುವುದು ರಾಜ್ಯಶಾಸ್ತ್ರದ ಪಾಠ. ಕನ್ನಡದಲ್ಲಿ ಬರೆಯುವವನಿಗೆ ಐಚ್ಛಿಕ ಕನ್ನಡ ಓದಿದ್ದರೆ ವಾಕ್ಯ ತಾನಾಗಿ ಬಿಗಿಯಾಗುತ್ತದೆ.

ಹಾಗಾಗಿ ಮೂರು ವಿಷಯದ ಹಳೆಯ ಪದ್ಧತಿ ಪತ್ರಿಕೋದ್ಯಮಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇದು ಹಳೆಯದರ ಮೇಲಿನ ಮೋಹದ ಮಾತಲ್ಲ. ಬೇರೆ ಎರಡು ವಿಷಯಗಳು ಇಲ್ಲಿ ಸುಮ್ನೆ ಜೊತೆಗೆ ಬರುವ ಹೊರೆ ಅಲ್ಲ, ಕಸುಬಿನ ಬಂಡವಾಳ. ಆದರೆ ಅದಕ್ಕೊಂದು ಷರತ್ತಿದೆ. ಪತ್ರಿಕೋದ್ಯಮಕ್ಕೆ ಉಳಿಯುವ ಕಡಿಮೆ ಗಂಟೆಗಳಲ್ಲಿ ಪ್ರಾಯೋಗಿಕ ಕೆಲಸದ ಪಾಲು ದೊಡ್ಡದಾಗಿರಬೇಕು. ಸಂವಹನದ ವ್ಯಾಖ್ಯಾನ, ಪತ್ರಿಕೆಗಳ ಚರಿತ್ರೆ, ಮಾಧ್ಯಮದ ಸಿದ್ಧಾಂತಗಳಲ್ಲೇ ಗಂಟೆಗಳು ಕರಗಿ ಹೋದರೆ ವಿದ್ಯಾರ್ಥಿಗೆ ಎರಡೂ ಕಡೆ ನಷ್ಟ.

ಪ್ರಾಯೋಗಿಕ ಅಂದರೆ ಏನು ಅಂತ ಹತ್ತಿರದಿಂದ ನೋಡೋಣ. ನಲವತ್ತು ಮಕ್ಕಳ ತರಗತಿ. ಎಲ್ಲರೂ ತಾಲ್ಲೂಕು ಆಸ್ಪತ್ರೆಯ ಬಗ್ಗೆ ಮುನ್ನೂರು ಪದದ ವರದಿ ತಂದಿದ್ದಾರೆ. ಕಾಪಿ (ಬರೆದು ತಂದ ವರದಿ) ತಿದ್ದುವುದು ಅಂದರೆ ಕೆಂಪು ಗೆರೆ ಎಳೆದು ಅಂಕ ಹಾಕುವುದಲ್ಲ. 'ವೈದ್ಯರ ಕೊರತೆ ಇದೆ ಅಂತ ಬರೆದಿದ್ದೀಯ, ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾಗಿದ್ದು ಎಷ್ಟು? ಯಾರು ಹೇಳಿದರು? ಆಸ್ಪತ್ರೆಯವರ ಮಾತು ಎಲ್ಲಿ?' ಅಂತ ಎದುರು ಕೂರಿಸಿಕೊಂಡು ಕೇಳಬೇಕು. ಒಂದು ಕಾಪಿಗೆ ಹತ್ತು ನಿಮಿಷ ಅಂದರೂ ನಲವತ್ತಕ್ಕೆ 400 ನಿಮಿಷ, ಹೆಚ್ಚುಕಡಿಮೆ ಏಳು ಗಂಟೆ. ವಾರಕ್ಕೆ ಎರಡು ಗಂಟೆಯ ಪ್ರಾಯೋಗಿಕ ತರಗತಿಯಲ್ಲಿ ಇದು ಆಗುವ ಮಾತಲ್ಲ. ಅದಕ್ಕೇ ಬಹಳ ಕಡೆ ಕಾಪಿ ತಿದ್ದುವುದೇ ನಿಂತು ಹೋಗುತ್ತದೆ. ವರ್ಷದ ಕೊನೆಗೆ ದಾಖಲೆ ಪುಸ್ತಕ ಒಪ್ಪಿಸಿದರೆ ಪ್ರಾಯೋಗಿಕ ಮುಗಿದ ಹಾಗೆ.

ಪದವಿ ಮೂರು ವರ್ಷದ್ದಾದರೂ ಇದೇ ತೊಂದರೆ, ನಾಲ್ಕು ವರ್ಷದ್ದಾದರೂ ಇದೇ.

ನಾಲ್ಕನೇ ವರ್ಷ ಬೇಕು ಅನ್ನುವವರ ವಾದ

ಎನ್‌ಇಪಿ ಪರ ಇರುವವರು ಮೂರು ಮಾತು ಹೇಳುತ್ತಾರೆ. ಮಧ್ಯದಲ್ಲಿ ಓದು ಬಿಡಬೇಕಾದ ವಿದ್ಯಾರ್ಥಿ ಬರಿಗೈಲಿ ಹೋಗುವುದಿಲ್ಲ ಅನ್ನುವುದು ಮೊದಲನೆಯದು. ಎರಡನೆಯದು ಸಂಶೋಧನೆಯ ದಾರಿ. ಯುಜಿಸಿಯ 2022ರ ಪಿಎಚ್‌ಡಿ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರು ಸ್ನಾತಕೋತ್ತರ ಪದವಿ ಇಲ್ಲದೆಯೂ ನೇರವಾಗಿ ಪಿಎಚ್‌ಡಿ ಪ್ರವೇಶಕ್ಕೆ ಪ್ರಯತ್ನಿಸಬಹುದು. ನಾಲ್ಕು ವರ್ಷ ಓದಿದವರಿಗೆ ಎಂಎ ಒಂದೇ ವರ್ಷ ಸಾಕು ಅಂತ ಯುಜಿಸಿಯ 2024ರ ಚೌಕಟ್ಟು ಕೂಡ ಹೇಳುತ್ತದೆ. ಹಾಗೆ ನೋಡಿದರೆ 4+1 ಮತ್ತು 3+2 ಎರಡೂ ಐದೇ ವರ್ಷ.

ಮೂರನೆಯದು ವಿದೇಶದ ಮಾತು. ಅಮೆರಿಕದಲ್ಲಿ ಪದವಿ ನಾಲ್ಕು ವರ್ಷದ್ದು, ಅಲ್ಲಿ ಮಾಸ್ಟರ್ಸ್ ಮಾಡುವವರಿಗೆ ನಮ್ಮ ಮೂರು ವರ್ಷ ಕೆಲವು ಕಡೆ ಅಡ್ಡಿ ಅನ್ನುವುದು ಸುಳ್ಳಲ್ಲ. ಆದರೆ ಇಂಗ್ಲೆಂಡಿನಲ್ಲಿ ಆನರ್ಸ್ ಪದವಿಯೇ ಸಾಮಾನ್ಯವಾಗಿ ಮೂರು ವರ್ಷದ್ದು. 'ವಿದೇಶದಲ್ಲಿ ಎಲ್ಲ ಕಡೆ ನಾಲ್ಕು ವರ್ಷ' ಅನ್ನುವುದು ಅರ್ಧ ಸತ್ಯ.

ಬೇಡ ಅನ್ನುವವರ ವಾದ

ರಾಜ್ಯ ಸರ್ಕಾರದ ಮತ್ತು ಆಯೋಗದ ವಾದ ಖರ್ಚಿನದು, ಸಮಾನತೆಯದು. ಇನ್ನೊಂದು ವರ್ಷ ಅಂದರೆ ಇನ್ನೊಂದು ವರ್ಷದ ಶುಲ್ಕ, ಹಾಸ್ಟೆಲ್, ಬಸ್ಸಿನ ದುಡ್ಡು. ಮನೆಗೆ ಬರಬೇಕಿದ್ದ ಸಂಬಳವೂ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಹಳ್ಳಿಯಿಂದ ಬರುವ ಹೆಣ್ಣುಮಕ್ಕಳ ಓದಿಗೆ ಮೊದಲ ಪೆಟ್ಟು ಬೀಳುವುದು ಇಂಥ ಕಡೆಯೇ. ಅದರ ಜೊತೆಗೆ ಆನರ್ಸ್ ವರ್ಷಕ್ಕೆ ಬೇಕಾದ ಗ್ರಂಥಾಲಯ, ಮಾರ್ಗದರ್ಶಕರು, ಕೊಠಡಿ ತಾಲ್ಲೂಕು ಕಾಲೇಜುಗಳಲ್ಲಿ ಎಲ್ಲಿವೆ?

ಮಧ್ಯದಲ್ಲೇ ಹೊರಗೆ ಹೋಗುವ ಆಯ್ಕೆಯ ಬಗ್ಗೆಯೂ ಒಂದು ಗಟ್ಟಿ ಆಕ್ಷೇಪ ಇದೆ. ಪತ್ರಿಕೋದ್ಯಮದಲ್ಲಿ ಒಂದು ವರ್ಷ ಓದಿ ಪಡೆದ ಸರ್ಟಿಫಿಕೇಟ್‌ಗೆ ಸುದ್ದಿಮನೆಯಲ್ಲಿ ಯಾವ ಬೆಲೆ ಇದೆ? ಮೊದಲ ವರ್ಷ ಕಲಿಸುವುದು ಪರಿಚಯದ ಪಾಠ. ಅಷ್ಟರಿಂದ ಕೆಲಸ ಸಿಗುವುದಿಲ್ಲ. ಈ ಮಾತಿನಲ್ಲಿ ಹುರುಳಿದೆ. ಕಾಗದದ ಮೇಲೆ ಅನುಕೂಲ ಅನ್ನಿಸಿದ್ದು ಈ ಕಸುಬಿನಲ್ಲಿ ಅನುಕೂಲವಾಗಲಿಲ್ಲ.

ಆದರೆ ಸರ್ಕಾರದ ಕಡೆಯಿಂದ ಉತ್ತರ ಸಿಗದ ಪ್ರಶ್ನೆಯೂ ಒಂದಿದೆ. ನಾಲ್ಕನೇ ವರ್ಷ ಹೋಯಿತು, ಸರಿ. ಆ ವರ್ಷದಲ್ಲಿ ಪತ್ರಿಕೆ, ವಾಹಿನಿ, ಆಕಾಶವಾಣಿಗಳಲ್ಲಿ ತಿಂಗಳುಗಟ್ಟಲೆ ಕೂತು ಕಲಿಯಲು ಜಾಗ ಇತ್ತು. ಅದನ್ನು ಮೂರು ವರ್ಷದೊಳಗೆ ಎಲ್ಲಿ ಸೇರಿಸುತ್ತೀರಿ?

ಸುದ್ದಿಮನೆಗೆ ಬೇಕಾಗಿರುವುದು ಏನು

ವಕೀಲಿಕೆಗೆ ಕಾನೂನು ಪದವಿ ಬೇಕು, ವಕೀಲರ ಪರಿಷತ್ತಿನಲ್ಲಿ ನೋಂದಣಿ ಬೇಕು. ವೈದ್ಯರಿಗೂ ಹಾಗೇ. ಪತ್ರಕರ್ತರಿಗೆ ಇಂಥದ್ದಿಲ್ಲ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಪತ್ರಕರ್ತ ಯಾರು ಅಂತ ಹೇಳಿದ್ದು ಮಾಡುವ ಕೆಲಸದ ಮೇಲೆ, ಓದಿನ ಮೇಲೆ ಅಲ್ಲ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಆ ಹಳೆಯ ಕಾಯ್ದೆ ಅದರೊಳಗೆ ಸೇರಿ ಹೋಯಿತು. ವ್ಯಾಖ್ಯಾನ ಈಗ ಟಿವಿ ಮತ್ತು ಡಿಜಿಟಲ್ ಮಾಧ್ಯಮಕ್ಕೂ ಚಾಚಿಕೊಂಡಿದೆ. ಪದವಿಯ ಷರತ್ತು ಮಾತ್ರ ಈಗಲೂ ಇಲ್ಲ.

ಇದನ್ನು ಬದಲಿಸುವ ಪ್ರಯತ್ನ ನಡೆದಿತ್ತು. 2013ರ ಮಾರ್ಚ್‌ನಲ್ಲಿ ಭಾರತೀಯ ಪತ್ರಿಕಾ ಮಂಡಳಿಯ ಅಧ್ಯಕ್ಷರಾಗಿದ್ದ ಮಾರ್ಕಂಡೇಯ ಕಾಟ್ಜು, ಪತ್ರಕರ್ತರಿಗೆ ಕನಿಷ್ಠ ವಿದ್ಯಾರ್ಹತೆ ನಿಗದಿ ಮಾಡಲು ಸಮಿತಿ ರಚಿಸಿದರು. ಅದೇ ವರ್ಷ ಆಗಿನ ವಾರ್ತಾ ಸಚಿವ ಮನೀಶ್ ತಿವಾರಿ, ಎಲ್ಲರಿಗೂ ಒಂದು ಸಾಮಾನ್ಯ ಪರೀಕ್ಷೆ, ಆಮೇಲೆ ಪರವಾನಗಿ ಅನ್ನುವ ಸಲಹೆ ಮುಂದಿಟ್ಟರು. ವಿರೋಧ ಜೋರಾಗಿಯೇ ಬಂತು. ಪರವಾನಗಿ ಕೊಡುವ ಕೈಗೆ ಅದನ್ನು ಕಿತ್ತುಕೊಳ್ಳುವ ಅಧಿಕಾರವೂ ಬರುತ್ತದೆ, ಆಗ ಅಪ್ರಿಯ ಸುದ್ದಿ ಬರೆಯುವವರು ಯಾರು ಅನ್ನುವುದು ವಿರೋಧದ ತಿರುಳು. ಸಂವಿಧಾನದ 19(1)(ಎ) ವಿಧಿ ಕೊಟ್ಟಿರುವ ಮಾತಿನ ಸ್ವಾತಂತ್ರ್ಯ ಎಲ್ಲ ನಾಗರಿಕರದ್ದು. ಅದನ್ನು ಪದವೀಧರರಿಗೆ ಮಾತ್ರ ಸೀಮಿತ ಮಾಡಲು ಬರುವುದಿಲ್ಲ. ಆ ಪ್ರಸ್ತಾವ ಕಾನೂನಾಗಲಿಲ್ಲ. ಆಗದೇ ಇದ್ದದ್ದು ಒಳ್ಳೆಯದೇ ಆಯಿತು.

ಪದವಿ ಕಡ್ಡಾಯವಿಲ್ಲದ ಕಾರಣ ಸುದ್ದಿಮನೆಗಳು ಪರೀಕ್ಷೆ ಮಾಡುವುದು ಕೈಯನ್ನು. ಕನ್ನಡದ ಡೆಸ್ಕ್‌ಗೆ, ಅಂದರೆ ಸುದ್ದಿ ತಿದ್ದಿ ಸಿದ್ಧಪಡಿಸುವ ವಿಭಾಗಕ್ಕೆ, ಸೇರುವವರಿಗೆ ಸಾಮಾನ್ಯವಾಗಿ ಕೊಡುವುದು ಇಂಗ್ಲಿಷ್ ಏಜೆನ್ಸಿ ಸುದ್ದಿಯ ಅನುವಾದ, ಸಾಮಾನ್ಯ ಜ್ಞಾನದ ಪ್ರಶ್ನೆ, ಒಂದು ಶೀರ್ಷಿಕೆ. ಅಲ್ಲಿ ನಾಲ್ಕನೇ ವರ್ಷದ ಆನರ್ಸ್‌ಗೆ ಪ್ರತ್ಯೇಕ ಅಂಕ ಇಲ್ಲ.

ಹಾಗಂತ ಪದವಿ ದಂಡ ಅನ್ನುವುದೂ ಸರಿಯಲ್ಲ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯ 1908ರಲ್ಲಿ ಪತ್ರಿಕೋದ್ಯಮ ಶಾಲೆ ತೆರೆದಾಗ, ತರಗತಿ ಶುರುವಾದ ದಿನವೇ ವಿದ್ಯಾರ್ಥಿಗಳ ಪತ್ರಿಕೆಯನ್ನೂ ಹೊರತಂದಿತು. ಊರಿನ ಜನ ಓದುವ ಪತ್ರಿಕೆ ಅದು. ತಪ್ಪಾದರೆ ಓದುಗರು ಕೇಳುತ್ತಿದ್ದರು. ತಪ್ಪಿಗೆ ಬೆಲೆ ತೆರಬೇಕಾದ ಕಡೆ, ಆದರೆ ತಿದ್ದುವ ಗುರು ಪಕ್ಕದಲ್ಲೇ ಇರುವ ಕಡೆ ಕಲಿಯುವುದು ಸುದ್ದಿಮನೆಯ ಗಡಿಬಿಡಿಯಲ್ಲಿ ಸಾಧ್ಯವಿಲ್ಲ. ವಿಶ್ವವಿದ್ಯಾಲಯ ಕೊಡಬಹುದಾದದ್ದು ಇದನ್ನೇ. ನಮ್ಮ ವಿಭಾಗಗಳಲ್ಲಿ ವಿದ್ಯಾರ್ಥಿಗಳೇ ಹೊರತರುವ ಪ್ರಾಯೋಗಿಕ ಪತ್ರಿಕೆಗಳ ಮೂಲ ಉದ್ದೇಶವೂ ಇದೇ. ವರ್ಷಕ್ಕೆ ಒಂದೆರಡು ಸಂಚಿಕೆ ತಂದು ಕಪಾಟಿಗೆ ಸೇರಿಸಿದರೆ ಆ ಉದ್ದೇಶ ಈಡೇರುವುದಿಲ್ಲ.

ಪಠ್ಯದಲ್ಲಿ ಹಳೆಯ ಕಾನೂನು, ಹೊರಗೆ ಹೊಸ ಕಾನೂನು

ಅವಧಿಯ ಜಗಳದಲ್ಲಿ ಯಾರೂ ಮಾತಾಡದ ಒಂದು ಅಪಾಯ ಇಲ್ಲಿದೆ. ಮಾಧ್ಯಮ ಕಾನೂನು ಎಲ್ಲ ಪಠ್ಯಕ್ರಮಗಳಲ್ಲೂ ಇರುವ ಪಾಠ. ಕಳೆದ ಕೆಲವು ವರ್ಷಗಳಲ್ಲಿ ಆ ಕಾನೂನುಗಳೇ ಬುಡಮೇಲಾಗಿವೆ. 1867ರ ಪತ್ರಿಕೆ ಮತ್ತು ಪುಸ್ತಕ ನೋಂದಣಿ ಕಾಯ್ದೆ ಹೋಯಿತು. ಅದರ ಜಾಗಕ್ಕೆ ಬಂದ 2023ರ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಮಾನಹಾನಿ ಹಳೆಯ ದಂಡ ಸಂಹಿತೆಯಾದ ಐಪಿಸಿಯ 499 ಮತ್ತು 500ರಲ್ಲಿ ಇಲ್ಲ, ಹೊಸ ಸಂಹಿತೆಯ 356ರಲ್ಲಿದೆ. 2025ರ ನವೆಂಬರ್‌ನಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ನಿಯಮಗಳು ಬಂದವು. ಅದರ ಜೊತೆಗೇ ಮಾಹಿತಿ ಹಕ್ಕು (ಆರ್‌ಟಿಐ) ಕಾಯ್ದೆಯ 8(1)(ಜೆ) ಕಲಂ ಕೂಡ ಬದಲಾಯಿತು. ವೈಯಕ್ತಿಕ ಮಾಹಿತಿ ಅನ್ನುವ ಕಾರಣಕ್ಕೆ ಅರ್ಜಿ ತಿರಸ್ಕರಿಸುವುದು ಅಧಿಕಾರಿಗಳಿಗೆ ಈಗ ಮೊದಲಿಗಿಂತ ಸುಲಭ. ಸಾರ್ವಜನಿಕ ಹಿತ ದೊಡ್ಡದು ಅಂತ 8(2)ರ ಅಡಿ ವಾದಿಸಲು ಇನ್ನೂ ಅವಕಾಶ ಇದೆ. ಆದರೆ ಅದು ಗೊತ್ತಿದ್ದವರಿಗೆ ಮಾತ್ರ.

ಪಠ್ಯಕ್ರಮ ಪದೇ ಪದೇ ಬದಲಾದಾಗ ಪುಸ್ತಕಗಳು ತರಾತುರಿಯಲ್ಲಿ ಬರುತ್ತವೆ. ಹಳೆಯ ಅಧ್ಯಾಯಗಳನ್ನೇ ಹೊಸ ಕ್ರಮದಲ್ಲಿ ಜೋಡಿಸಿ ಮುದ್ರಿಸುವುದು ಸುಲಭ. ಆಗ ಹಳೆಯ ಕಲಂಗಳೂ ಹಾಗೇ ಉಳಿದುಬಿಡುತ್ತವೆ.

ಇದರ ಪರಿಣಾಮ ಪರೀಕ್ಷೆಯಲ್ಲಿ ಒಂದು ಅಂಕ ಹೋಗುವುದಲ್ಲ. ಒಂದು ಉದಾಹರಣೆ ನೋಡಿ. ಹಳ್ಳಿಯೊಂದರಲ್ಲಿ ಅಪ್ರಾಪ್ತ ಬಾಲಕಿಯ ಮೇಲೆ ದೌರ್ಜನ್ಯದ ದೂರು ದಾಖಲಾಗಿದೆ. ಹೊಸ ವರದಿಗಾರ ಬಾಲಕಿಯ ಹೆಸರು ಬರೆಯುವುದಿಲ್ಲ, ಅಷ್ಟು ಗೊತ್ತು. ಆದರೆ ಶಾಲೆಯ ಹೆಸರು ಹಾಕುತ್ತಾನೆ, ಓಣಿಯ ಹೆಸರು ಹಾಕುತ್ತಾನೆ, 'ಆಕೆಯ ತಂದೆ ಆಟೊ ಚಾಲಕ' ಅಂತಲೂ ಸೇರಿಸುತ್ತಾನೆ. ಚಿಕ್ಕ ಊರಿನಲ್ಲಿ ಇಷ್ಟು ಸಾಕು, ಮಗು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಕಲಂ ಹೆಸರನ್ನಷ್ಟೇ ಅಲ್ಲ, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ ಎಲ್ಲವನ್ನೂ ನಿಷೇಧಿಸುತ್ತದೆ. ಮೀರಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಹೊಣೆ ಬರೆದವನದ್ದು ಮಾತ್ರವಲ್ಲ, ಪ್ರಕಾಶಕರದ್ದು ಅಥವಾ ಮಾಲೀಕರದ್ದೂ ಹೌದು. ಶಿಕ್ಷೆಯ ಮಾತು ಬಿಡಿ, ಆ ಮಗು ಮತ್ತೆ ಅದೇ ಶಾಲೆಗೆ ಹೋಗಬೇಕಲ್ಲ. ಇಂಥ ಒಂದು ವರದಿಯನ್ನು ತರಗತಿಯಲ್ಲಿ ಸಾಲು ಸಾಲಾಗಿ ಇಟ್ಟು, ಯಾವ ಪದ ಉಳಿಯಬೇಕು, ಯಾವುದು ಹೋಗಬೇಕು ಅಂತ ತಿದ್ದಿಸುವ ಪಾಠಕ್ಕಿಂತ ದೊಡ್ಡ ಪಾಠ ಈ ಪದವಿಯಲ್ಲಿ ಇನ್ನೊಂದಿಲ್ಲ.

ಪಾಠ ಹೇಳುವವರು ಯಾರು

ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ. ಅವರ ಸಂಖ್ಯೆ ಹತ್ತು ಸಾವಿರಕ್ಕೂ ಜಾಸ್ತಿ. ಅವರಿಗೆ ಕೆಲಸ ಸಿಗುವುದು ಕಾರ್ಯಭಾರದ ಮೇಲೆ, ಅಂದರೆ ವಾರಕ್ಕೆ ಎಷ್ಟು ಗಂಟೆ ಪಾಠ ಇದೆ ಅನ್ನುವುದರ ಮೇಲೆ. ಪಠ್ಯಕ್ರಮ ಬದಲಾದರೆ ಗಂಟೆ ಬದಲಾಗುತ್ತದೆ, ಗಂಟೆ ಬದಲಾದರೆ ಅವರ ಬದುಕೇ ಅಲುಗಾಡುತ್ತದೆ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವರು ಪ್ರಾಯೋಗಿಕ ಪತ್ರಿಕೆ ಕಟ್ಟಿ ಬೆಳೆಸಲಿ ಅಂತ ಬಯಸುವುದು ನ್ಯಾಯವೇ?

ಇನ್ನೊಂದು ಕಡೆ, ಇಪ್ಪತ್ತು ವರ್ಷ ವರದಿಗಾರಿಕೆ ಮಾಡಿದವರಿಗೆ ಎನ್‌ಇಟಿ, ಕೆ-ಸೆಟ್ ಎಂಬ ಬೋಧಕರ ಅರ್ಹತಾ ಪರೀಕ್ಷೆ ಅಥವಾ ಪಿಎಚ್‌ಡಿ ಇಲ್ಲದಿದ್ದರೆ ಕಾಯಂ ಬೋಧಕರಾಗಲು ಬರುವುದಿಲ್ಲ. ಇದಕ್ಕೆ ಯುಜಿಸಿ 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅನ್ನುವ ದಾರಿ ತೆರೆಯಿತು. ತಮ್ಮ ಕ್ಷೇತ್ರದಲ್ಲಿ ಹೆಸರು ಮಾಡಿ, ಕನಿಷ್ಠ 15 ವರ್ಷ ಅನುಭವ ಪಡೆದವರನ್ನು ಪದವಿಯ ಷರತ್ತಿಲ್ಲದೆ ನೇಮಿಸಬಹುದು, ಮಂಜೂರಾದ ಹುದ್ದೆಗಳ ಶೇ 10 ಮೀರುವಂತಿಲ್ಲ. ಪತ್ರಿಕೋದ್ಯಮಕ್ಕೆ ಇದಕ್ಕಿಂತ ಒಪ್ಪುವ ನಿಯಮ ಇನ್ನೊಂದು ಸಿಗದು. ಅದಕ್ಕೆ ಮೂರು-ನಾಲ್ಕರ ಜಗಳ ಮುಗಿಯುವ ತನಕ ಕಾಯಬೇಕಾಗಿಯೂ ಇಲ್ಲ.

ಕನ್ನಡದಲ್ಲಿ ಓದುವವರಿಗೆ ಎರಡು ಪಟ್ಟು ಕಷ್ಟ

ಕನ್ನಡ ಮಾಧ್ಯಮದಲ್ಲಿ ಪತ್ರಿಕೋದ್ಯಮ ಓದಿ, ಕನ್ನಡದಲ್ಲೇ ಉತ್ತರ ಬರೆದು ಎಂಎ ಮುಗಿಸಿದ ವಿದ್ಯಾರ್ಥಿ ಬೋಧಕನಾಗಲು ಎನ್‌ಇಟಿ ಬರೆಯಲು ಹೋದರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಿಂದಿಯಲ್ಲಿ ಓದಿದವರಿಗೆ ತಮ್ಮ ಭಾಷೆಯಲ್ಲೇ ಪ್ರಶ್ನೆ ಸಿಗುತ್ತದೆ, ಕನ್ನಡದವರಿಗೆ ಸಿಗುವುದಿಲ್ಲ. ಇದು ನೇರ ಅನ್ಯಾಯ. ನಾಲ್ಕನೇ ವರ್ಷ ಸಂಶೋಧನೆಗೆ ದಾರಿ ಅನ್ನುವ ವಾದ ಕನ್ನಡದ ವಿದ್ಯಾರ್ಥಿಯ ಮಟ್ಟಿಗೆ ಸೊರಗುವುದು ಇಲ್ಲೇ.

ತಂತ್ರಜ್ಞಾನದ ತೊಡಕೂ ಇದೆ. ಮಕ್ಕಳು ಇವತ್ತು ಫೋನಿನಲ್ಲಿ ಯುನಿಕೋಡ್ ಕನ್ನಡ ಸರಾಗವಾಗಿ ಬರೆಯುತ್ತಾರೆ. ಆದರೆ ಪುಟ ಕಟ್ಟುವ ಎಷ್ಟೋ ಕಡೆ ಇನ್ನೂ ಯುನಿಕೋಡ್ ಅಲ್ಲದ, ಹಳೆಯ 'ನುಡಿ' ತಂತ್ರಾಂಶದ ಅಕ್ಷರಗಳ ಬಳಕೆ ಇದೆ. ಯುನಿಕೋಡ್‌ನಿಂದ ಅದಕ್ಕೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತು ಎಲ್ಲಾದರೂ ಒಡೆದಿದೆಯಾ ಅಂತ ಸಾಲು ಸಾಲು ನೋಡಬೇಕು. ಎರಡೂ ಕಡೆ ಕೈ ಪಳಗಿದವರು ಡೆಸ್ಕಿನಲ್ಲಿ ಬೇಗ ನೆಲೆ ನಿಲ್ಲುತ್ತಾರೆ. ಇದನ್ನು ಕಲಿಸಲು ಬೇಕಿರುವುದು ಕೆಲಸ ಮಾಡುವ ಹತ್ತು ಕಂಪ್ಯೂಟರ್, ತಿಳಿದವರೊಬ್ಬರು.

ಎಐ ಬಂದ ಮೇಲೆ ಈ ಕಷ್ಟದ ರೂಪ ಬದಲಾಗುತ್ತಿದೆ. 2023ರಲ್ಲೇ ಕನ್ನಡದ ಸುದ್ದಿ ವಾಹಿನಿಯಲ್ಲಿ ಎಐ ನಿರೂಪಕಿ ಕಾಣಿಸಿಕೊಂಡಾಗಿದೆ. ಹೊಸಬರ ಮೊದಲ ಮೆಟ್ಟಿಲಾಗಿದ್ದ ಏಜೆನ್ಸಿ ಸುದ್ದಿಯ ಅನುವಾದವನ್ನು ಯಂತ್ರ ಕ್ಷಣದಲ್ಲಿ ಮಾಡುತ್ತದೆ. ಆದರೆ ಅದು ಮಾಡಿದ ಅನುವಾದದಲ್ಲಿ ಎಲ್ಲಿ ಅರ್ಥ ತಿರುಗಿದೆ, ಯಾವ ಹೆಸರು ತಪ್ಪಾಗಿದೆ ಅಂತ ಹಿಡಿಯಲು ಭಾಷೆ ಮತ್ತು ವಿಷಯ ಎರಡೂ ಗೊತ್ತಿರುವವರೇ ಬೇಕು. ಹಾಗಾಗಿ ಮೂರು ವಿಷಯದ ಓದಿನ ಬೆಲೆ ಮುಂದೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಮುಂದೆ ಏನಾಗಬಹುದು

ರಾಜ್ಯ ಶಿಕ್ಷಣ ನೀತಿಯ (ಎಸ್‌ಇಪಿ) ಮೊದಲ ತಂಡ ಮೂರು ವರ್ಷ ಮುಗಿಸಿ ಹೊರಬರುವುದು 2027ರಲ್ಲಿ. ಅವರಿಗೆ ಎರಡು ವರ್ಷದ ಎಂಎ ಸ್ಪಷ್ಟವಾಗಿಯೇ ಇದೆ. ಎನ್‌ಇಪಿಯಲ್ಲಿ ಆನರ್ಸ್ ಮುಗಿಸಿದವರದ್ದೇ ತೊಡಕು. ಒಂದು ವರ್ಷದ ಎಂಎಗೆ ಯುಜಿಸಿ ಅವಕಾಶ ಕೊಟ್ಟ ಮಾತ್ರಕ್ಕೆ ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಶುರು ಮಾಡಲೇಬೇಕು ಅಂತಿಲ್ಲ. ಶುರು ಮಾಡದ ಕಡೆ ಆನರ್ಸ್ ಓದಿದವರೂ ಎರಡು ವರ್ಷ ಕೂರಬೇಕು. ಆಗ 4+1 ಹೋಗಿ 4+2 ಆಗುತ್ತದೆ, ಒಂದು ವರ್ಷ ಕೈತಪ್ಪುತ್ತದೆ.

ಬೆಂಗಳೂರಿನಂಥ ಊರಿನಲ್ಲಿ ಎರಡು ಲೋಕ ಅಕ್ಕಪಕ್ಕ ಬೆಳೆಯುವ ಸಾಧ್ಯತೆಯೂ ಇದೆ. ಡೀಮ್ಡ್ ವಿಶ್ವವಿದ್ಯಾಲಯಗಳು ಯುಜಿಸಿಯ ನಾಲ್ಕು ವರ್ಷದ ದಾರಿಯಲ್ಲಿವೆ. ಅಲ್ಲಿ ಶುಲ್ಕ ಜಾಸ್ತಿ, ಸ್ಟುಡಿಯೊ ಇದೆ, ಪಾಠ ಇಂಗ್ಲಿಷಿನಲ್ಲಿ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮೂರು ವರ್ಷ, ಕಡಿಮೆ ಶುಲ್ಕ, ಕನ್ನಡ. ಗಡಿ ದಾಟಿದರೆ ಮತ್ತೊಂದು ಚಿತ್ರ. ಕೇರಳ 2024-25ರಿಂದ ನಾಲ್ಕು ವರ್ಷದ ಪದವಿ ಶುರು ಮಾಡಿದೆ. ಕಾಸರಗೋಡಿನ ಕನ್ನಡದ ಹುಡುಗಿ ತನ್ನ ಜಿಲ್ಲೆಯಲ್ಲೇ ಓದಿದರೆ ಆ ಪದ್ಧತಿ, ಮಂಗಳೂರಿಗೆ ಬಂದು ಓದಿದರೆ ಈ ಪದ್ಧತಿ. ಮಧ್ಯದಲ್ಲಿ ಕಾಲೇಜು ಬದಲಿಸಬೇಕಾಗಿ ಬಂದರೆ ಕ್ರೆಡಿಟ್ ಹೊಂದಿಸುವುದು ಸಣ್ಣ ಕೆಲಸವಲ್ಲ.

ಚಿಕ್ಕ ವಿಭಾಗಗಳ ಮೇಲೆ ಇನ್ನೊಂದು ಕತ್ತಿ ತೂಗುತ್ತಿದೆ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ, ಹಿಂದಿನ ಸರ್ಕಾರದ ಕಾಲದ ಹತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಲು ಶಿಫಾರಸು ಮಾಡಿತು. ದುಡ್ಡಿಲ್ಲ, ಹುದ್ದೆಯಿಲ್ಲ ಅನ್ನುವುದು ಕಾರಣ. ವಿಶ್ವವಿದ್ಯಾಲಯಗಳು ವಿಲೀನವಾದರೆ ವಿದ್ಯಾರ್ಥಿಗಳ ಸಂಖ್ಯೆ ನೋಡಿ ಕಾಂಬಿನೇಷನ್ ಉಳಿಸುವ ಮಾತು ಬರುತ್ತದೆ. ಆಗ ಮೊದಲು ಕಣ್ಣು ಬೀಳುವುದು ಹದಿನೈದು-ಇಪ್ಪತ್ತು ಮಕ್ಕಳಿರುವ ಪತ್ರಿಕೋದ್ಯಮದಂಥ ವಿಷಯದ ಮೇಲೆ. ಜಿಲ್ಲಾ ಕೇಂದ್ರದಲ್ಲಿ ಈ ವಿಷಯ ನಿಂತರೆ, ಬೆಂಗಳೂರಿಗೋ ಮೈಸೂರಿಗೋ ಹೋಗಿ ಓದಲು ಆಗದವರು ಈ ಕಸುಬಿನಿಂದಲೇ ದೂರವಾಗುತ್ತಾರೆ. ಕೊಪ್ಪಳದ, ಚಾಮರಾಜನಗರದ ಸುದ್ದಿಯನ್ನು ಒಳಗಿನಿಂದ ಬಲ್ಲವರು ಸುದ್ದಿಮನೆಗಳಲ್ಲಿ ಈಗಲೇ ಕಡಿಮೆ.

ಈಗ ತೀರ್ಮಾನ ಮಾಡಬೇಕಾದವರಿಗೆ

ಎನ್‌ಇಪಿಯ ಕೊನೆಯ ತಂಡದವರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನನಗೆ ಬೇಕಿರುವುದು ಸಂಶೋಧನೆಯೋ, ಸುದ್ದಿಮನೆಯೋ? ಸಂಶೋಧನೆ ಅಥವಾ ವಿದೇಶದ ಓದು ಆದರೆ ನಾಲ್ಕನೇ ವರ್ಷಕ್ಕೆ ಅರ್ಥವಿದೆ. ಆದರೆ ತಮ್ಮ ಕಾಲೇಜಿನಲ್ಲಿ ಆ ವರ್ಷ ನಡೆಸಲು ಮಾರ್ಗದರ್ಶಕರು ಇದ್ದಾರಾ, ತಾವು ಸೇರಬೇಕಿರುವ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಎಂಎ ಇದೆಯಾ ಅಂತ ಬರಹದಲ್ಲಿ ಕೇಳಿ ಖಚಿತ ಮಾಡಿಕೊಳ್ಳುವುದು ಒಳ್ಳೆಯದು. ಸುದ್ದಿಮನೆಯೇ ಗುರಿಯಾದರೆ ಮೂರು ವರ್ಷಕ್ಕೆ ಪದವಿ ತೆಗೆದುಕೊಂಡು ಕೆಲಸಕ್ಕೋ ಎರಡು ವರ್ಷದ ಎಂಎಗೋ ಹೋಗುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ.

ಹೊಸದಾಗಿ ಸೇರುವವರು ಪದವಿಯ ಹೆಸರು ನೋಡುವುದಕ್ಕಿಂತ ಪತ್ರಿಕೋದ್ಯಮದ ಜೊತೆ ಸಿಗುವ ಇನ್ನೆರಡು ವಿಷಯ ಯಾವುವು ಅಂತ ನೋಡಬೇಕು. ಕಳೆದ ವರ್ಷದ ಪ್ರಾಯೋಗಿಕ ಪತ್ರಿಕೆಯ ಪ್ರತಿ ಕೇಳಿ ಪಡೆದು, ಅದರಲ್ಲಿ ವಿದ್ಯಾರ್ಥಿಗಳೇ ಊರಿನಿಂದ ತಂದ ಸುದ್ದಿ ಎಷ್ಟಿದೆ, ಕಾಲೇಜಿನ ಸಮಾರಂಭದ ಫೋಟೊ ಎಷ್ಟಿದೆ ಅಂತ ಎಣಿಸಿದರೆ ಆ ವಿಭಾಗದ ಬಗ್ಗೆ ಬಹಳಷ್ಟು ತಿಳಿಯುತ್ತದೆ. ಕಾಯಂ ಬೋಧಕರು ಒಬ್ಬರಾದರೂ ಇದ್ದಾರಾ, ಇಂಟರ್ನ್‌ಶಿಪ್‌ಗೆ ಎಷ್ಟು ಕ್ರೆಡಿಟ್ ಇದೆ, ಅದಕ್ಕೆ ಕಳಿಸುವವರು ವಿಭಾಗದವರೋ ಅಥವಾ ವಿದ್ಯಾರ್ಥಿ ತಾನೇ ಹುಡುಕಿಕೊಳ್ಳಬೇಕೋ, ಮಾಧ್ಯಮ ಕಾನೂನಿನ ಪಠ್ಯದಲ್ಲಿ ನ್ಯಾಯ ಸಂಹಿತೆ ಇದೆಯೋ ಇನ್ನೂ ಐಪಿಸಿಯೇ ಇದೆಯೋ ಅನ್ನುವುದನ್ನೂ ಸೇರುವ ದಿನವೇ ಕೇಳಬಹುದು. ಇಷ್ಟನ್ನು ಕೇಳಲು ಹಿಂಜರಿಯುವ ಅಗತ್ಯವಿಲ್ಲ. ಪ್ರಶ್ನೆ ಕೇಳುವ ಕಸುಬಿಗೇ ತಾನೇ ಸೇರುತ್ತಿರುವುದು.